ನಿಂಬೆ ತೋಟದ ಬಿಳಿ ಕಲ್ಲುಗಳು

ಹೋದ ತಿಂಗಳು ಬಸವನ ಬಾಗೇವಾಡಿಯ ಸಂತೆಯಲ್ಲಿ ಒಬ್ಬಾತ ನನ್ನೆದುರಿಗೇ ನಿಂಬೆಹಣ್ಣಿನ ಚೀಲದ ಬಾಯಿ ಬಿಚ್ಚಿದ. ಒದ್ದೆ ಗೋಣಿಯ ಘಾಟು, ಜಜ್ಜಿಹೋದ ಎಲೆಯ ಒಗರು, ಸಿಪ್ಪೆಯ ಎಣ್ಣೆಯ ಚುರುಕು ಎಲ್ಲ ಒಟ್ಟಿಗೇ ಮುಖಕ್ಕೆ ಬಡಿಯಿತು. ಬೇರೆಯವರಿಗೆ ಈ ವಾಸನೆಯಿಂದ ಬಾಯಲ್ಲಿ ನೀರೂರಬಹುದು. ನನಗೆ ಓಡಿಹೋಗಿ ಮನೆ ಇದೆಯೇ ಎಂದು ನೋಡಬೇಕೆನಿಸುತ್ತದೆ. ನಲವತ್ತು ದಾಟಿದವಳು, ಈ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಸಂತೆಯ ನಡುವೆ ಕೈಚೀಲ ಹಿಡಿದು ಹನ್ನೊಂದು ವರ್ಷದ ಹುಡುಗಿಯ ಹಾಗೆ ನಿಂತುಬಿಟ್ಟೆ. ಹಣ್ಣು ಬೇಕೇನ್ರೀ ಎಂದು ಅವನು ಎರಡು ಸಲ ಕೇಳಿದ ಮೇಲೆ ಎಚ್ಚರವಾಯಿತು.

ನಮ್ಮ ಮನೆ ಇಂಡಿ ಪಟ್ಟಣದ ಹೊರಗೆ, ಸಾಲೋಟಗಿಯ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ನಿಂಬೆ ತೋಟದ ನಡುವೆ ಇತ್ತು. ಮಣ್ಣಿನ ಮಾಳಿಗೆಯ ಮನೆ. ಒಳಗೆ ಹಗಲಲ್ಲೂ ಅರೆಗತ್ತಲು, ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ತುಂಡು ಹೊತ್ತು ಏರಿದಂತೆಲ್ಲ ನೆಲದ ಮೇಲೆ ಸರಿಯುತ್ತಿತ್ತು. ಅಪ್ಪ, ಅವ್ವ, ಅಪ್ಪನ ತಾಯಿ ನಮ್ಮ ಆಯಿ, ಮತ್ತೆ ನಾನು. ಬಾವಿಯ ಆಚೆ ದಸ್ತಗೀರ ಮಾಮಾ ಮತ್ತು ಅವನ ಹೆಂಡತಿ ಹುಸೇನಬಿಯ ಮನೆ. ಅಜ್ಜನ ಕಾಲದಿಂದ ಅವರ ಮನೆತನದವರೇ ಪಾಲಿನ ಮೇಲೆ ನಮ್ಮ ತೋಟ ನೋಡಿಕೊಳ್ಳುತ್ತಿದ್ದರು. ಅವ್ವ ಅವನನ್ನು ದಸ್ತಗೀರಣ್ಣ ಎನ್ನುತ್ತಿದ್ದಳು, ಅವನು ಅವಳನ್ನು ತಂಗೆವ್ವ ಎನ್ನುತ್ತಿದ್ದ, ಹಾಗಾಗಿ ನನಗೆ ಅವನು ಮಾಮಾ. ಮಧ್ಯಾಹ್ನ ಬೇವಿನ ಗಿಡದ ನೆರಳಿನಲ್ಲಿ ಹಣ್ಣಿನ ರಾಶಿ ಸುರಿದುಕೊಂಡು ಎಲ್ಲರೂ ಆರಿಸಲು ಕೂರುತ್ತಿದ್ದರು. ದೊಡ್ಡವು ದೂರದ ಪೇಟೆಗೆ, ಸಣ್ಣವು ಊರಿನ ಸಂತೆಗೆ, ಒಡೆದವು ಉಪ್ಪಿನಕಾಯಿಗೆ. ಹುಸೇನಬಿ ನೋಡದೆಯೇ ಬರೀ ಅಂಗೈಯ ಅಂದಾಜಿನಲ್ಲಿ ಹಣ್ಣು ಬೇರ್ಪಡಿಸುತ್ತಿದ್ದಳು. ಅವಳ ಬೆರಳುಗಳಿಗೆ ಮುಳ್ಳು ಚುಚ್ಚಿ ಚುಚ್ಚಿ ಸಣ್ಣ ಕರಿ ಚುಕ್ಕೆಗಳು ಉಳಿದಿದ್ದವು.

ತೋಟದಿಂದ ಡಾಂಬರು ರಸ್ತೆಗೆ ಹೋಗಲು ಎರೆ ಹೊಲಗಳ ನಡುವೆ ಒಂದು ಬಂಡಿದಾರಿ. ಬೇಸಿಗೆಯಲ್ಲಿ ಆ ನೆಲ ನನ್ನ ಪಾದ ಹಿಡಿಸುವಷ್ಟು ಬಿರಿಯುತ್ತಿತ್ತು. ಮಳೆ ಬಿದ್ದರೆ ಅದೇ ನೆಲ ಅಂಟಾಗಿ, ಇಟ್ಟ ಕಾಲು ಎತ್ತಲು ಬಿಡುತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ನಾನು ಶಾಲೆಗೆ ಹೋದ ದಿನಗಳು ಎಷ್ಟೋ. ನನಗೆ ಅದು ಆಟ. ಅವ್ವ ಮಾತ್ರ ಮೋಡ ಕಟ್ಟಿದ ಕೂಡಲೇ ಮಾತು ಕಡಿಮೆ ಮಾಡುತ್ತಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ.

ಊರು ನಮ್ಮತ್ತ ಬಂದದ್ದು ಒಂದೇ ದಿನದಲ್ಲಲ್ಲ. ಮೊದಲು ಖಡಿ, ಅಂದರೆ ಜಲ್ಲಿಕಲ್ಲು ತುಂಬಿದ ಲಾರಿಗಳು ಬಂದವು, ಎಲೆಗಳ ಮೇಲೆ ಬೂದಿಯಂಥ ಧೂಳು ಕೂತಿತು. ಆಮೇಲೆ ಪಕ್ಕದ ಜೋಳದ ಹೊಲದಲ್ಲಿ ಬಿತ್ತನೆ ನಿಂತಿತು, ಅಲ್ಲಿ ಪ್ಲಾಟು ಹಾಕಿದ್ದಾರೆಂದು ಸುದ್ದಿ ಬಂತು. ಅದಾದ ಮೇಲೆ ನಮ್ಮ ಮನೆಯಲ್ಲಿ ದನಿಗಳು ತಗ್ಗಿದವು. ಅಪ್ಪ ಊರಿಂದ ಯಾರನ್ನೋ ಕರೆತರುವುದು, ಅವರು ಬಾವಿಕಟ್ಟೆಯ ಮೇಲೆ ನಕ್ಷೆ ಹರಡುವುದು, ನಾನು ಹತ್ತಿರ ಹೋದರೆ ಮಾತು ಬದಲಾಗುವುದು. ದೊಡ್ಡವರು ಮಕ್ಕಳಿಂದ ಮುಚ್ಚಿಡುವ ವಿಷಯದ ತೂಕ ಮಕ್ಕಳಿಗೇ ಮೊದಲು ತಿಳಿಯುತ್ತದೆ ಎನ್ನುವುದನ್ನು ನೀವೂ ಕಂಡಿರುತ್ತೀರಿ. ನಾವು ಎಲ್ಲಿಗೆ ಹೋಗುತ್ತೇವೆಂದು ಆಯಿಯನ್ನು ಕೇಳಿದೆ. ಅವಳು ನನ್ನ ತಲೆಗೆ ಎಣ್ಣೆ ತಟ್ಟುತ್ತ, ಮೊದಲು ಜಡೆ ಹಾಕಿಸಿಕೋ ಎಂದಳು.

ಒಂದು ದಿನ ಶಾಲೆಯಿಂದ ಬಂದಾಗ ಗಿಡಗಳ ನಡುವೆ ಕಲ್ಲುಗಳು ನಿಂತಿದ್ದವು. ಮೊಳದುದ್ದದ ಕಲ್ಲು, ತಲೆಗೆ ಬಿಳಿ ಸುಣ್ಣ, ಮೇಲೆ ಕೆಂಪು ಬಣ್ಣದಲ್ಲಿ ಅಂಕಿ. ಒಂದು ಕಲ್ಲು ನಾನು ಅಭ್ಯಾಸಕ್ಕೆ ಕೂರುವ ಗಿಡದ ಬುಡದಲ್ಲೇ ಇತ್ತು. ಅಂದಿನಿಂದ ದಿನಾ ಶಾಲೆಯಿಂದ ಓಡಿಬಂದು ಮನೆ ಇದೆಯೇ ಎಂದು ನೋಡುತ್ತಿದ್ದೆ, ಆಮೇಲೆ ಕಲ್ಲು ಹೆಚ್ಚಾಗಿವೆಯೇ ಎಂದು ಎಣಿಸುತ್ತಿದ್ದೆ. ದಸ್ತಗೀರ ಮಾಮಾ ಮಾತ್ರ ಏನೂ ಆಗಿಲ್ಲವೆಂಬಂತೆ ಸಲಿಕೆ ಹಿಡಿದು ಒಂದೊಂದೇ ಗಿಡದ ಪಾತಿಗೆ ನೀರು ತಿರುವುತ್ತಿದ್ದ. ಮುಂದಿನ ಹಣ್ಣನ್ನು ತಾನು ನೋಡುವುದಿಲ್ಲವೆಂದು ಗೊತ್ತಿದ್ದೂ ಒಣಕಲು ಕೊಂಬೆ ಸವರುತ್ತಿದ್ದ. ಅವನನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಒಂದು ರವಿವಾರ ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ ನಾನು ಹೊರಗೆ ಬಂದೆ. ಹಿಂದಿನ ದಿನ ನೀರು ಹಾಯಿಸಿದ ಮಣ್ಣು ಮೆತ್ತಗಿತ್ತು. ನನ್ನ ಗಿಡದ ಬುಡದ ಕಲ್ಲನ್ನು ಅತ್ತಿತ್ತ ಅಲುಗಾಡಿಸಿದೆ, ಸಡಿಲಾಯಿತು. ಎದೆಗವಚಿ ಎಳೆದುಕೊಂಡು ಹೋಗಿ ಬಾವಿಗೆ ನೂಕಿದೆ. ಬಿದ್ದ ಸದ್ದಿಗೆ ಪಾರಿವಾಳಗಳು ಒಮ್ಮೆಲೇ ಹಾರಿದವು. ಯಾರೂ ಏಳಲಿಲ್ಲ. ಆ ಧೈರ್ಯಕ್ಕೆ ಇನ್ನೆರಡು ಕಿತ್ತು ಹಾಕಿದೆ. ಕಲ್ಲಿಲ್ಲದಿದ್ದರೆ ಪ್ಲಾಟು ಇಲ್ಲ ಎಂದು ನಾನು ಮನಸಾರೆ ನಂಬಿದ್ದೆ.

ಮರುದಿನ ಪ್ಲಾಟು ಹಾಕುವ ಸಾಹುಕಾರ ಟೇಪು ಹಿಡಿದವರೊಂದಿಗೆ ಬಂದ. ಮೂರು ಕಲ್ಲು ಕಾಣದಿದ್ದಾಗ ಕೂಗಾಡಲಿಲ್ಲ, ಸುಮ್ಮನೆ ದಸ್ತಗೀರ ಮಾಮಾನ ಕಡೆ ತಿರುಗಿ ನೋಡಿದ. ತೋಟ ಹೋದರೆ ಹೊಟ್ಟೆಗೆ ಪೆಟ್ಟು ಬೀಳುವುದು ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು. ಅಪ್ಪನೂ ಅವನ ಕಡೆ ನೋಡಿದ. ಅಷ್ಟು ವರ್ಷಗಳಲ್ಲಿ ಅಪ್ಪ ಅವನನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಮಾಮಾ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. ನಾನು ಬಾಗಿಲ ಹಿಂದೆ ಪಾಟಿಚೀಲ ಅವಚಿಕೊಂಡು ನಿಂತಿದ್ದೆ. ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

ಅವರೆಲ್ಲ ಹೋದ ಮೇಲೆ ಮಾಮಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಯ ಪಾವಟಿಗೆ ಇಳಿದ. ಬೇಸಿಗೆಯ ನೀರು, ಎದೆಮಟ್ಟ. ಮುಳುಗಿ ಮುಳುಗಿ ಮೂರೂ ಕಲ್ಲುಗಳನ್ನು ಹುಡುಕಿ ಮೇಲೆ ತಂದ. ನಾನು ಹತ್ತಿರ ಹೋಗಿ, ಹಾಕಿದ್ದು ನಾನೇ ಮಾಮಾ ಎಂದೆ. ನೋಡಿದ್ದೆ ಎಂದ. ಮಲಗಿದ್ದಲ್ಲಿಂದಲೇ ನೋಡಿದ್ದನಂತೆ.

“ಮತ್ತ ಯಾಕ ತಗದಿ? ತ್ವಾಟ ಹೋದ್ರ ನಿನಗ ಕೆಲಸ ಇಲ್ಲಲ್ಲ,” ಎಂದೆ.

ಅವನು ಕಲ್ಲನ್ನು ಹಳೆಯ ಕುಳಿಯಲ್ಲಿಟ್ಟು ಸುತ್ತ ಮಣ್ಣು ತುಳಿದ. ಆಮೇಲೆ ಹೇಳಿದ. ನನಗೆ ಎರಡು ವರ್ಷವಿದ್ದಾಗ ಅವ್ವನಿಗೆ ಎರಡನೆಯ ಹೆರಿಗೆ. ಬೆಳಗಿನಿಂದ ಮಳೆ. ಅಪ್ಪ ಹಣ್ಣಿನ ಜೊತೆ ಸೊಲ್ಲಾಪುರಕ್ಕೆ ಹೋಗಿದ್ದ. ಡಾಂಬರು ರಸ್ತೆಯಲ್ಲಿ ಜೀಪು ಬಂದು ನಿಂತಿತ್ತು, ಒಳಗೆ ಬರಲು ಆಗಲಿಲ್ಲ. ಮಾಮಾ ಬಂಡಿ ಹೂಡಿ, ಅವ್ವನನ್ನೂ ಆಯಿಯನ್ನೂ ಕೂರಿಸಿಕೊಂಡು ಹೊರಟ. ಅರ್ಧ ದಾರಿಯಲ್ಲಿ ಗಾಲಿ ಅಚ್ಚಿನವರೆಗೆ ಹೂತುಹೋಯಿತು, ಎತ್ತುಗಳು ಮೊಣಕಾಲೂರಿದವು. ಜೀಪು ಕಣ್ಣಿಗೆ ಕಾಣುತ್ತಿತ್ತು. ಕೂಸು ಬಂಡಿಯಲ್ಲೇ ಹುಟ್ಟಿತು, ಅಳಲಿಲ್ಲ.

“ಗಾಡಿ ಹೊಡದಾಂವ ನಾ, ನೀಲವ್ವ. ಅವತ್ತಿನಿಂದ ನಿಮ್ಮವ್ವ ಒಂದ ಮಾತ ಹೇಳ್ಕೋತ ಬಂದಾಳ, ನನಗ ರಸ್ತಾದ ಮ್ಯಾಗಿನ ಮನಿ ಬೇಕಂತ. ಆ ಕಲ್ಲ ನಾ ಹ್ಯಾಂಗ ಕೀಳ್ಲಿ?”

ನಾನು ಅಲ್ಲಿಯವರೆಗೆ ತೋಟ ಮಾರುತ್ತಿರುವುದು ಅಪ್ಪನೆಂದು ಅವನ ಮೇಲೆ ಸಿಟ್ಟಾಗಿದ್ದೆ. ಒಳಗೆ ಹೋಗಿ ಅವ್ವನ ಪಕ್ಕ ಕೂತು ಕಲ್ಲಿನ ವಿಷಯವೆಲ್ಲ ಹೇಳಿಬಿಟ್ಟೆ. ಅವಳು ಹೊಡೆಯಲಿಲ್ಲ. ಬಡಿಯುತ್ತಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿ, ನನ್ನ ಕಡೆ ನೋಡದೆ ಹೇಳಿದಳು: “ನನಗೂ ಈ ಗಿಡಾ ಸೇರ್ತಾವ. ಆದ್ರ ನಾಳೆ ನಿನ್ನ ಆ ಹಾದ್ಯಾಗ ಹೊತ್ತೊಯ್ಯಾಕ ನನ್ನ ಕೈಲಾಗೂದಿಲ್ಲ.” ಆಮೇಲೆ ಅವಳೇ ಅಪ್ಪನನ್ನು ಕರೆದು ಮಾಮಾನ ಮನೆಗೆ ಕಳಿಸಿದಳು. ಅಪ್ಪ ಅಲ್ಲಿ ಏನು ಹೇಳಿದನೋ ತಿಳಿಯದು. ಹುಸೇನಬಿ ಚಹಾ ಕಾಸಿದ ಹೊಗೆ ಮಾತ್ರ ನಮಗೆ ಕಂಡಿತು.

ದೀಪಾವಳಿಯ ಹೊತ್ತಿಗೆ ನಾವು ಊರೊಳಗಿನ ಹೊಸ ಮನೆಗೆ ಬಂದೆವು. ಗಿಡ ಕಡಿದ ದಿನ ನನ್ನನ್ನು ಯಾರೂ ಅತ್ತ ಕರೆದೊಯ್ಯಲಿಲ್ಲ. ಹೊಸ ಮನೆಯಲ್ಲಿ ನಳ ಇತ್ತು, ಬಾಗಿಲೆದುರೇ ರಸ್ತೆ ಇತ್ತು. ಮುಂದೆ ಆಯಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಹೊಸ್ತಿಲವರೆಗೆ ಬಂತು, ಅವಳು ಅದಾದ ಮೇಲೂ ಬಹಳ ವರ್ಷ ಬದುಕಿದಳು. ಅದನ್ನು ಹೇಳದೆ ಬರೀ ಕಳೆದದ್ದನ್ನೇ ಹೇಳಿದರೆ ಅವ್ವನಿಗೆ ಅನ್ಯಾಯವಾಗುತ್ತದೆ. ಮಾಮಾ ಮತ್ತು ಹುಸೇನಬಿ ಸಿಂದಗಿ ಕಡೆಯ ಮೋರಟಗಿಗೆ ಹೋದರು. ಅಲ್ಲಿ ಕಾಲುವೆ ನೀರು ಬಂದಿದೆ, ಕೆಲಸಕ್ಕೆ ಕೊರತೆಯಿಲ್ಲ ಎಂದು ಮಗಳು ಅಳಿಯ ಕರೆಸಿಕೊಂಡಿದ್ದರು. ಹೋಗುವಾಗ ಹುಸೇನಬಿ ನನ್ನ ಗಲ್ಲ ಹಿಡಿದು ಅಲ್ಲಾಡಿಸಿ ಟೆಂಪೋ ಹತ್ತಿದಳು. ಅವಳನ್ನು ನಾನು ನೋಡಿದ್ದು ಅದೇ ಕಡೆಯ ಸಲ.

ಆಯಿಯೂ ಅಪ್ಪನೂ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಬಾಗೇವಾಡಿಗೆ ಬಂದಳು. ಎರಡು ವರ್ಷದ ಹಿಂದೆ, ನಮ್ಮ ಮನೆಯಾಚೆ ಇಂಗಳೇಶ್ವರದ ಕಡೆಗೆ ಹೊಲಗಳಲ್ಲಿ ಪ್ಲಾಟು ಹಾಕಲು ಯಂತ್ರಗಳು ನೆಲ ಬಗೆಯತೊಡಗಿದಾಗ, ಅವಳಿಗೆ ಊಟ ಸೇರದಾಯಿತು. ಒಂದು ಮಧ್ಯಾಹ್ನ ಕೇಳಿದಳು: ನಮ್ಮ ಕೂಸಿನ ಜಾಗದಲ್ಲಿ ಈಗ ಏನಿದೆ? ಕೂಸನ್ನು ತೋಟದಲ್ಲೇ ಮಣ್ಣು ಮಾಡಿದ್ದರೆಂದು ನನಗೆ ಆಗಲೇ ತಿಳಿದದ್ದು. ಪ್ಲಾಟು ಹಾಕುವಾಗ ಆ ಮೂಲೆಯನ್ನು ಉದ್ಯಾನಕ್ಕೆ ಬಿಡಿಸಿದ್ದೇನೆಂದು ಅಪ್ಪ ಅವಳಿಗೆ ಹೇಳಿದ್ದನಂತೆ. ನಕ್ಷೆ ಆಮೇಲೆ ಎಷ್ಟು ಸಲ ಬದಲಾಯಿತೋ. ಸರಿಯಾದ ಜಾಗ ಗೊತ್ತಿದ್ದದ್ದು ಕುಳಿ ತೋಡಿದ ಮಾಮಾನೊಬ್ಬನಿಗೆ.

ಮೋರಟಗಿಗೆ ಹೋಗಿ ಮಾಮಾನನ್ನು ಕರೆತಂದೆ. ಹುಸೇನಬಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನ ಬೆನ್ನು ಬಾಗಿತ್ತು, ಕಣ್ಣಿಗೆ ದಪ್ಪ ಕನ್ನಡಕ. ಮೂವರೂ ಇಂಡಿಯಲ್ಲಿ ಆಟೋದಿಂದಿಳಿದು ಬಡಾವಣೆಯೊಳಗೆ ನಡೆದೆವು. ಒಂದರ ಪಕ್ಕ ಒಂದು ಮನೆ, ಟ್ಯೂಷನ್ನಿನ ಬೋರ್ಡು, ಗ್ಯಾಸಿನ ಗಾಡಿ. ಎಲ್ಲ ಓಣಿಗಳೂ ಒಂದೇ ಥರ. ಅವ್ವ ಒಬ್ಬೊಬ್ಬರನ್ನೇ ನಿಲ್ಲಿಸಿ ಇಲ್ಲಿ ಒಂದು ಬಾವಿ ಇತ್ತಲ್ಲ ಎಂದು ಕೇಳುತ್ತಿದ್ದಳು. ಅವರು ಪಾಪ, ನಿನ್ನೆ ಮೊನ್ನೆ ಬಂದವರು. ಅವಳ ಉಸಿರು ಏರುವುದನ್ನು ನೋಡಿ ನನಗೆ ಭಯವಾಯಿತು. ಆಗ ಮಾಮಾ ನಿಂತ. ಒಂದು ಮನೆಯ ಗೇಟಿನ ಮುಂದೆ ಡಾಂಬರಿನ ಅಂಚನ್ನು ಕೋಲಿನಿಂದ ತೋರಿಸಿ, “ಇಲ್ಲೇ, ತಂಗೆವ್ವ,” ಎಂದ.

ಅವ್ವ ಕುಕ್ಕುರುಗಾಲಿನಲ್ಲಿ ಕೂತು ಅಂಗೈಯನ್ನು ಡಾಂಬರಿನ ಮೇಲಿಟ್ಟಳು. ಬಿಸಿಲಿಗೆ ಅದು ಕಾದಿತ್ತು, ಅವಳು ಕೈ ತೆಗೆಯಲಿಲ್ಲ. ಮನೆಯಿಂದ ಸೊಸೆಯೊಬ್ಬಳು ಬಂದು ಯಾರು ಬೇಕಾಗಿತ್ರೀ ಎಂದಳು. ಯಾರೂ ಅಲ್ಲವ್ವ, ದಣಿವಾಗಿತ್ತು ಎಂದು ಅವ್ವ ಎದ್ದಳು. ಆ ಹುಡುಗಿ ಒಳಗೆ ಹೋಗಿ ನೀರು ತಂದುಕೊಟ್ಟಳು.

ಬಸ್ ನಿಲ್ದಾಣದಲ್ಲಿ ಅವ್ವ ಹೂವು ಕೊಳ್ಳಲು ಹೋದಾಗ ನಾನು ಮಾಮಾನನ್ನು ಕೇಳಿದೆ, ಖರೇನ ಗುರ್ತು ಸಿಕ್ತೇನು? ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ.

“ಬಾವಿಲ್ಲ, ಬೇವಿನ ಗಿಡಾ ಇಲ್ಲ. ಯಾವುದರ ಗುರ್ತ ಹಿಡಿಲಿ, ನೀಲವ್ವ?”

ಅಷ್ಟರಲ್ಲಿ ಸಿಂದಗಿಯ ಬಸ್ಸು ಬಂತು. ಅವನನ್ನು ಹತ್ತಿಸಿ ಕೆಳಗಿಳಿದೆ. ಅವ್ವ ಹೂವಿನ ಪೊಟ್ಟಣ ಹಿಡಿದು ಬರುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಬಹಳ ದಿನಗಳ ಮೇಲೆ ಅವಳ ಮುಖ ಸಡಿಲಾಗಿತ್ತು. ದಸ್ತಗೀರಣ್ಣಗ ಕೂಡಾಕ ಜಾಗಾ ಸಿಕ್ತೇನು ಎಂದು ಕೇಳಿದಳು. ಸಿಕ್ಕಿತು ಎಂದೆ.