ಪ್ರಾಸ್ಪರ್‌ನ ನ್ಯಾಯಾಂಗ ಸುಧಾರಣೆ

ಭಾರತದ ನ್ಯಾಯಾಂಗವನ್ನು ರಿಪೇರಿ ಮಾಡಲು ನಮ್ಮಣ್ಣ ಆರಿಸಿಕೊಂಡ ಜಾಗ ಅಮೆರಿಕದ ಟೆಕ್ಸಾಸಿನ ಪ್ರಾಸ್ಪರ್ ಎಂಬ ಊರಿನ ತನ್ನ ಹೊಸ ಮನೆಯಲ್ಲಿ ಸಿನಿಮಾ ನೋಡಲೆಂದೇ ಇರುವ ಮೀಡಿಯಾ ರೂಮು. ಭಾನುವಾರ ಮಧ್ಯಾಹ್ನ, ಬಿಸಿಬೇಳೆಬಾತ್ ಆದಮೇಲೆ. ಅವನ ಸಾಫ್ಟ್‌ವೇರ್ ಸ್ನೇಹಿತರೆಲ್ಲ ಸೇರಿದ್ದರು. ನಾಲ್ಕೈದು ಗಂಟೆ ದಾರಿಯ ಶುಗರ್ ಲ್ಯಾಂಡಿನಿಂದ ಒಬ್ಬ ಡಾಕ್ಟರೂ ಡ್ರೈವ್ ಮಾಡಿಕೊಂಡು ಬಂದಿದ್ದರು. ಅಷ್ಟು ಜನರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹತ್ತಿಸಿದವನು ಅಣ್ಣ.

ನಮ್ಮಿಬ್ಬರ ಕೇಸು ಮೈಸೂರಿನಲ್ಲಿ ನಡೆಯುತ್ತಿದೆ. ನಡೆಯುತ್ತಿದೆ ಎನ್ನುವುದು ಬರೀ ಮರ್ಯಾದೆಯ ಮಾತು. ಅಪ್ಪ ಕೊನೆಗಾಲದಲ್ಲಿ ಮನೆಯನ್ನು ತನಗೊಬ್ಬನಿಗೇ ಉಯಿಲು ಬರೆದರೆಂದು ಅಣ್ಣನ ವಾದ. ಆಗ ಅಪ್ಪನಿಗೆ ಲೋಟ ಹಿಡಿಯಲೂ ಕೈ ಏಳುತ್ತಿರಲಿಲ್ಲ. ಗಂಜಿ ಕುಡಿಸುತ್ತಿದ್ದವಳು ಅಮ್ಮ. ಈಗ ಅದೇ ಟೆಕ್ಸಾಸಿನ ಆಸ್ಟಿನ್‌ನಲ್ಲಿ ನನ್ನ ಜೊತೆಗಿರುವ ಅಮ್ಮನೇ ನನಗಿರುವ ಸಾಕ್ಷಿ. ಅವಳ ಹೇಳಿಕೆಯನ್ನು ವಿಡಿಯೋದಲ್ಲೇ ಪಡೆಯಲು ಕೋರ್ಟು ಒಪ್ಪಿದೆ. ಆದರೆ ಪ್ರತಿ ಸಲ ಅಣ್ಣನ ವಕೀಲರು ಎದ್ದು ನಿಂತು, ನಮ್ಮ ಕಕ್ಷಿದಾರರು ವಿದೇಶದಲ್ಲಿದ್ದಾರೆ, ಸಮಯ ಬೇಕು ಎನ್ನುತ್ತಾರೆ. ಅಮ್ಮನ ನೆನಪು ದಿನದಿನಕ್ಕೆ ಮಸುಕಾಗುತ್ತಿರುವುದು ಅಣ್ಣನಿಗೂ ಗೊತ್ತು. ಅವನು ಕಾಯುತ್ತಿದ್ದ.

ಆ ದಿನ ನಾನು ಹೋದದ್ದು ಅಮ್ಮನಿಗಾಗಿ. "ಮಗನ್ನ ನೋಡ್ಬೇಕು ಕಣೇ" ಎಂದು ಹಟ ಹಿಡಿದಿದ್ದಳು.

ಅಣ್ಣನ ಸ್ಲೈಡುಗಳು ಚೆನ್ನಾಗಿಯೇ ಇದ್ದವು, ಸುಳ್ಳು ಹೇಳಬಾರದು. ಎಲ್ಲ ಸಾಫ್ಟ್‌ವೇರ್ ಕಂಪನಿಯ ಲೆಕ್ಕದಲ್ಲಿ: ಕೇಸೆಂದರೆ ಬಗೆಹರಿಸಬೇಕಾದ ಟಿಕೆಟ್ಟು, ನ್ಯಾಯಾಧೀಶರೆಂದರೆ ಡೆವಲಪರು, ತೀರ್ಪೆಂದರೆ ರಿಲೀಸು. ಆಸ್ಟಿನ್‌ನ ದ ಡೊಮೇನ್ ಬಡಾವಣೆಯ ಆಫೀಸೊಂದರಲ್ಲಿ ಮ್ಯಾನೇಜರಾಗಿರುವ ಅಂಕಲ್ ಒಬ್ಬರು, "ಜಡ್ಜ್‌ಗಳಿಗೂ ಸ್ಟಾರ್ ರೇಟಿಂಗ್ ಇಡ್ಬೇಕು" ಎಂದರು.

"ಸ್ಟಾರ್ ಕೊಡೋರು ಯಾರು ಅಂಕಲ್? ಗೆದ್ದೋರಾ, ಸೋತೋರಾ?" ಎಂದೆ.

"ಪ್ರಶ್ನೆ ಎಲ್ಲಾ ಕೊನೇಲಿ" ಎಂದ ಅಣ್ಣ.

ವಯಸ್ಸಾದವರ ಕೇಸನ್ನು ಎಮರ್ಜೆನ್ಸಿಯ ಥರ ಮೊದಲು ತೆಗೆದುಕೊಳ್ಳಬೇಕೆಂದು ಡಾಕ್ಟರು ಹೇಳಿದಾಗ, "ಒಳ್ಳೇ ಪಾಯಿಂಟು" ಎಂದು ಅಣ್ಣ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಕೊನೆಯ ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ಸುಮ್ಮಸುಮ್ಮನೆ ವಾಯಿದೆ ಕೇಳುವವರಿಗೆ ದಂಡ. ಎಲ್ಲರೂ ಚಪ್ಪಾಳೆ ತಟ್ಟಿದರು.

ಪ್ರಶ್ನೆ ಕೇಳಿ ಎಂದಾಗ ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಅಮ್ಮ ಕೈಯೆತ್ತಿದಳು.

"ತುಂಬಾ ಚೆನ್ನಾಗಿ ಹೇಳಿದ್ರಿ ಕಣಪ್ಪ. ನಮ್ದೂ ಒಂದು ಕೇಸಿದೆ. ನಾನು ಹೇಳೋದಿದೆ, ಕೇಳೋರೇ ಇಲ್ಲ. ನನ್ನ ಮಗ ಸುಮ್ನೆ ತಳ್ತಾ ಬರ್ತಾನೆ. ನಿಮ್ಮಂಥೋರು ಹೇಳಿದ್ರೆ ಕೇಳ್ತಾನೇನೋ. ಅವನಿಗೆ ಒಂದ್ಮಾತು ಹೇಳ್ತೀರಾ?"

"ಅಮ್ಮಾ, ನಾನೇ..." ಎಂದ ಅಣ್ಣ. ಅಮ್ಮ ಅವನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದಳು. ಅವನನ್ನು ಬಯ್ಯಬೇಕೆಂದು ಆಸ್ಟಿನ್‌ನಿಂದ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ ನನಗೆ ಅಳು ಬಂತು. ಅತ್ತಿಗೆ ಎಲ್ಲರನ್ನೂ ಕಾಫಿಗೆ ಕರೆದರು.

ಮುಂದಿನ ಸಲ ಅಣ್ಣನ ವಕೀಲರು ಸಮಯ ಕೇಳಲಿಲ್ಲ. ವಿಡಿಯೋದಲ್ಲಿ ನೋಡುತ್ತಿದ್ದ ನನಗೆ ಒಂದು ಕ್ಷಣ ಅಣ್ಣನ ಮೇಲೆ ಪ್ರೀತಿಯೇ ಉಕ್ಕಿತು. ಆಮೇಲೆ ವಕೀಲರು ಅರ್ಜಿಯೊಂದನ್ನು ಓದಿದರು: ಸಾಕ್ಷಿಗೆ ಹೆತ್ತ ಮಗನ ಗುರುತೂ ಸಿಗುವುದಿಲ್ಲ, ಇದನ್ನು ತುಂಬಿದ ಸಭೆಯೇ ಕಣ್ಣಾರೆ ಕಂಡಿದೆ, ಆದ್ದರಿಂದ ಆಕೆಯ ಹೇಳಿಕೆಯನ್ನು ಪಡೆಯಬಾರದು.