ಗಂಗವ್ವನ ಹೆಬ್ಬೆಟ್ಟು

ಗಂಗವ್ವನ ಹೆಬ್ಬೆಟ್ಟಿನ ಗುರುತಿನ ಮೇಲಿರುವ ಮಾತು ಗಂಗವ್ವ ಹೇಳಿದ್ದಲ್ಲ. ನಾನು ಬರೆದದ್ದು. ಸುಳ್ಳೆಂದು ಗೊತ್ತಿದ್ದೇ ಬರೆದೆ. ಬರೆದ ಮೇಲೆ, ಅವಳು ಹೇಳಿದ್ದೇ ಹಾಳೆಯಲ್ಲಿದೆ ಎನ್ನುವಂತೆ ಅವಳೆದುರು ಓದಿದೆ. ಆಮೇಲೆ ಅವಳ ಹೆಬ್ಬೆರಳನ್ನು ನನ್ನ ಕೈಯಿಂದಲೇ ಮಸಿಗೆ ಒತ್ತಿದೆ.

ಇದನ್ನು ಹೇಳಲು ಎಂಟು ವರ್ಷ ಬೇಕಾಯಿತು. ಈಗಲೂ ಮಧ್ಯಾಹ್ನದ ಮೂರು ಗಂಟೆಗೆ, ಮನೆಯಲ್ಲಿ ಯಾರೂ ಇಲ್ಲದಾಗ, ಬಾಗಿಲಿಗೆ ಅಗಳಿ ಹಾಕಿಕೊಂಡು ಬರೆಯುತ್ತಿದ್ದೇನೆ. ಯಾರಿಗೆ ಹೆದರಿ ಎಂದು ಕೇಳಿದರೆ — ಹೆದರಬೇಕಾದವರು ಸತ್ತು ಎರಡು ವರ್ಷವಾಯಿತು. ಆದರೂ ಮೆಟ್ಟಿಲ ಮೇಲೆ ಸಪ್ಪಳವಾದರೆ ಕಾಗದದ ಮೇಲೆ ಕೈ ಮುಚ್ಚುತ್ತೇನೆ.

ನಾನು ಪುಣೆಯಲ್ಲಿ ಹುಡುಗಿಯರ ಶಾಲೆಯೊಂದರಲ್ಲಿ ಪಾಠ ಹೇಳುವವಳು. ತವರಿನವರು ಮೂಲತಃ ಧಾರವಾಡದ ಕಡೆಯವರು, ತಂದೆಯ ಕಾಲಕ್ಕೇ ಇಲ್ಲಿ ನೆಲೆ ನಿಂತವರು. ನಮ್ಮ ಶಾಲೆಯಿಂದ ನಿವೃತ್ತರಾದ ಮರಾಠಿ ಮಾಸ್ತರರೊಬ್ಬರಿಗೆ ಒಂದು ಹುಚ್ಚಿತ್ತು. ಪೇಶ್ವೆಯರ ಬಗ್ಗೆ ಬರೆಯಲು ಈ ಊರಲ್ಲಿ ನೂರು ಜನ ಇದ್ದಾರೆ, ಪಾತ್ರೆ ತಿಕ್ಕುವವಳ ಬಗ್ಗೆ ಯಾರು ಬರೆಯುತ್ತಾರೆ ಎನ್ನುತ್ತಿದ್ದರು. ಕಲ್ಲು ಒಡೆಯುವವರು, ಟಾಂಗಾ ಹೊಡೆಯುವವರು, ಸೂಲಗಿತ್ತಿಯರು — ಇಂಥವರ ಬದುಕನ್ನು ಅವರ ಬಾಯಿಂದಲೇ ಕೇಳಿ ವಹಿಗಳಲ್ಲಿ ಬರೆಸುತ್ತಿದ್ದರು. ಕನ್ನಡ ಆಡುವವರ ವಹಿ ನನ್ನ ಪಾಲಿಗೆ ಬಂತು. ಕನ್ನಡದಲ್ಲಿ ಕೇಳಬೇಕು, ಮರಾಠಿಯಲ್ಲಿ ಬರೆಯಬೇಕು. ಬರೆದದ್ದನ್ನು ಹೇಳಿದವರಿಗೆ ಮತ್ತೆ ಓದಿ ಹೇಳಬೇಕು. ಅವರು ಹೂಂ ಅಂದ ಮೇಲೆಯೇ ಹೆಬ್ಬೆಟ್ಟು. ಅವರು ಒಪ್ಪದ ಒಂದು ಅಕ್ಷರವೂ ವಹಿಯಲ್ಲಿ ಉಳಿಯಕೂಡದು. ಮಾಸ್ತರರು ಇದೊಂದು ವಿಷಯದಲ್ಲಿ ಮಾತ್ರ ಸಿಡುಕುತ್ತಿದ್ದರು.

ಗಂಗವ್ವ ನಮ್ಮ ಶಾಲೆಯ ಅಂಗಳ ಗುಡಿಸುತ್ತಿದ್ದಳು. ಬಾಗಲಕೋಟೆಯ ಕಡೆಯವಳು, ಐವತ್ತೈದರ ಆಸುಪಾಸು, ನಾನು ಸೀರೆಗೆ ಮಸಿ ಬಳಿದುಕೊಂಡರೆ ನಗುತ್ತಿದ್ದಳು. ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕೂತು, ತನ್ನದನ್ನೂ ಬರೆಯಿರಿ ಎಂದಳು.

"ಸಂತ್ಯಾಗ ಮರಾಠಿ ಆಡ್ತೀನ್ರಿ ಬಾಯಾರ. ಇದನ್ನ ಮಾತ್ರ ನಮ್ಮ ಮಾತಿನ್ಯಾಗ ಹೇಳ್ತೀನಿ."

ಹುಟ್ಟಿದ್ದು, ಮದುವೆಯಾದದ್ದು, ಗಂಡ ಮಲ್ಲಪ್ಪನ ಹಿಂದೆ ರೈಲು ಹತ್ತಿ ಬಂದದ್ದು — ಎಲ್ಲ ಸರಾಗವಾಗಿ ಬರೆದುಕೊಂಡೆ. ಮಲ್ಲಪ್ಪ ಒಂದು ವಾಡೆಯ, ಅಂದರೆ ಶ್ರೀಮಂತರ ದೊಡ್ಡ ಮನೆಯ, ಕಾವಲುಗಾರ. ಗಂಡ ಹೆಂಡತಿ ಇಬ್ಬರೂ ಬಾಗಿಲ ಪಕ್ಕದ ಕೋಣೆಯಲ್ಲಿದ್ದರು. ಆಮೇಲೆ ಪ್ಲೇಗಿನ ವರ್ಷ ಬಂತು. ಆಗಿನ ಕಾಲಕ್ಕೆ ಮನೆಯಲ್ಲೊಬ್ಬರಿಗೆ ಗಡ್ಡೆ ಎದ್ದರೆ ಸರಕಾರದವರು ಮನೆಮಂದಿಯನ್ನೆಲ್ಲ ಕ್ಯಾಂಪಿಗೆ ಒಯ್ಯುತ್ತಿದ್ದರು. ಊರಿಗೆ ಊರೇ ಅಡಗಿಸುತ್ತಿತ್ತು, ಓಡುತ್ತಿತ್ತು.

"ವಾಡೇದ ಒಡೆಯರು ಮಂದೀನೆಲ್ಲ ಕರಕೊಂಡು ಹೊರಗ ಹೊಲಕ್ಕ ಹೋದ್ರು. ಮುದುಕಮ್ಮನ್ನ ಒಬ್ಬಾಕೀನ್ನ ಒಳಗ ಬಿಟ್ಟು ಕೀಲಿ ಹಾಕಿದ್ರು. ಆಕಿಗೆ ಗಡ್ಡಿ ಎದ್ದಿತ್ತು. ಸಾಯೇಬರು ಬಂದ್ರ ಮನಿ ಖಾಲಿ ಐತಿ ಅನ್ನು ಅಂದ್ರು. ಕೀಲಿಕೈ ತಮ್ಮ ಕೂಡಽ ಒಯ್ದ್ರು. ಮುದುಕಮ್ಮ ನೀರು ನೀರು ಅಂತಿದ್ಲು. ನಮ್ಮವ ಹಿಂದಿನ ಕಿಡಕ್ಯಾಗ ಬಿದಿರಿನ ನಳಗಿ ತೂರಿಸಿ ಮೂರು ದಿನ ನೀರು ಬಿಟ್ಟ. ಕೀಲಿ ಮುರೀತೀನಿ ಅಂದ. ನಾನಽ ಬ್ಯಾಡಂದೆ. ಒಡೆಯರ ಕೀಲಿ ಮುರದ್ರ ಕಳ್ಳ ಅಂತಾರ ಅಂದೆ. ಅದನ್ನೂ ಬರೀರಿ ಬಾಯಾರ, ನಾ ಬ್ಯಾಡಂದದ್ದನ್ನ."

ಮೂರನೆಯ ದಿನ ಒಳಗಿನ ದನಿ ನಿಂತಿತು. ನಾಲ್ಕನೆಯ ದಿನ ಮಲ್ಲಪ್ಪನಿಗೂ ಜ್ವರ. ಸರಕಾರದವರು ಇಬ್ಬರನ್ನೂ ಗಾಡಿಯಲ್ಲಿ ಹಾಕಿಕೊಂಡು ಕ್ಯಾಂಪಿಗೆ ಒಯ್ದರು. ಅವನು ತಿರುಗಿ ಬರಲಿಲ್ಲ. ಒಡೆಯರು ಮರಳಿ ಬಂದವರು, ಕೀಲಿಕೈಯನ್ನೂ ತಾಯಿಯನ್ನೂ ಕಾವಲುಗಾರನಿಗೆ ಒಪ್ಪಿಸಿದ್ದೆ, ಅವನು ಮುದುಕಿಯನ್ನು ಸಾಯಲು ಬಿಟ್ಟು ಓಡಿಹೋದ ಎಂದರು. ಊರೂ ಹಾಗೇ ಅಂದಿತು.

"ಓಡಿಹ್ವಾದವನ ಹೇಂತಿ ಅಂತ ಇಷ್ಟು ವರ್ಷ ಅನ್ನಿಸ್ಕೊಂಡೀನಿ. ಬರದಿಟ್ರ ಅದು ಹೋಗತೈತಿ, ಅಲ್ಲೇನ್ರಿ?"

ಯಾವ ವಾಡೆ ಎಂದು ಕೇಳಿದೆ. ಕೇಳಬಾರದಿತ್ತು — ಕೇಳುವ ಮೊದಲೇ ಗೊತ್ತಾಗಿತ್ತು.

"ಕಸಬಾ ಪೇಟ್ಯಾಗಿಂದು. ವೆಂಕಟರಾವ್ ವಕೀಲರದು."

ವೆಂಕಟರಾವ್ ವಕೀಲರು ನನ್ನ ತಂದೆ. ಗೆಳತಿಯರ ಬಾಯಲ್ಲೂ ಹಾಜರಿ ಪುಸ್ತಕದಲ್ಲೂ ನನಗೆ ಗಂಡನ ಮನೆಯ ಹೆಸರು. ಆದ್ದರಿಂದ ಇವಳಿಗೆ ಗೊತ್ತಿರಲಾರದು ಅಂದುಕೊಂಡೆ. ಮಲ್ಲಪ್ಪನ ದೊಡ್ಡ ಮೀಸೆ ನನಗೆ ಮಸುಕಾಗಿ ನೆನಪಿತ್ತು. ಅವನ ಹೆಂಡತಿಯ ಮುಖ ನೆನಪಿರಲಿಲ್ಲ.

ತಂದೆಯ ಮಾತನ್ನೇ ನಂಬಿದ್ದಳು, ಪಾಪ, ಮಗಳಲ್ಲವೇ ಎಂದು ನೀವು ಅನ್ನಬಹುದು. ಅನ್ನಬೇಡಿ. ಪ್ಲೇಗಿನ ವರ್ಷ ನನಗೆ ಆರು ತುಂಬಿತ್ತು. ಕೊಂಢವಾ ಕಡೆಯ ಹೊಲದಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡಿದ್ದೆವು. ತಂದೆಯ ತೊಡೆಯ ಮೇಲೆ ಕೂತು, ಅಜ್ಜಿ ಎಲ್ಲಿ ಎಂದೆ.

"ಮಲ್ಲಪ್ಪನ ಹತ್ರ ಇದ್ದಾಳ. ಕೀಲಿಕೈ ಅವನ ಕೈಯಾಗಽ ಕೊಟ್ಟು ಬಂದೀನಿ."

ಹಾಗೆನ್ನುತ್ತ ನನ್ನನ್ನು ಎದೆಗೊತ್ತಿಕೊಂಡರು. ಅವರ ಜನಿವಾರಕ್ಕೆ ಕಟ್ಟಿದ್ದ ವಾಡೆಯ ದೊಡ್ಡ ಕೀಲಿಕೈ ನನ್ನ ಕೆನ್ನೆಗೆ ಚುಚ್ಚಿತು. ತಣ್ಣಗಿತ್ತು. ಅದನ್ನು ಹಿಡಿದು ಆಡಿದೆ ಕೂಡ. ಮೂವತ್ತೈದು ವರ್ಷ ನಾನು ಆ ಕೀಲಿಕೈಯನ್ನು ನೆನೆಯದೆ ಇರಲು ಕಲಿತಿದ್ದೆ. ಗಂಗವ್ವ ಒಂದು ಮಧ್ಯಾಹ್ನದಲ್ಲಿ ಅದನ್ನು ಮತ್ತೆ ನನ್ನ ಕೆನ್ನೆಗೆ ಒತ್ತಿಬಿಟ್ಟಳು.

ತಂದೆ ಆಗ ಬದುಕಿದ್ದರು. ಊರಿನ ಕನ್ನಡಿಗರೆಲ್ಲ ಅವರನ್ನು ಸಭೆಗೆ ಕರೆದು ಎತ್ತರದ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅವರು ಕಣ್ಣು ಕೆಂಪಗೆ ಮಾಡಿದರೆ ನಲವತ್ತರ ನಾನು ಸೆರಗಿನ ತುದಿ ತಿರುಚುತ್ತ ನಿಲ್ಲುತ್ತಿದ್ದೆ. ಸಾಲದ್ದಕ್ಕೆ, ಕನ್ನಡದ ವಹಿ ಅಚ್ಚಾದರೆ ಮುನ್ನುಡಿಯನ್ನು ಅವರಿಂದಲೇ ಬರೆಸಬೇಕೆಂದು ಮಾಸ್ತರರ ಆಸೆ. ಅವರು ಆ ಪುಟ ಓದುವುದನ್ನು ನೆನೆದೆ. ಲೇಖನಿ ಮಸಿಯಲ್ಲಿ ಅದ್ದಿ — ಅಷ್ಟು ಹೊತ್ತು ನಿಂತಿದ್ದ ಕೈ — ಚಿಕ್ಕಂದಿನಿಂದ ಮನೆಯಲ್ಲಿ ಕೇಳಿದ್ದ ಮಾತನ್ನೇ ಬರೆಯಿತು. 'ಪ್ಲೇಗಿಗೆ ಹೆದರಿ ಗಂಡ ಓಡಿಹೋದ. ಮುಂದೆ ಸುದ್ದಿ ಇಲ್ಲ.' ಕಿಟಕಿ ಇಲ್ಲ, ನಳಿಗೆ ಇಲ್ಲ, ಕೀಲಿಕೈ ಇಲ್ಲ. ಅವಳು ಬೇಡವೆಂದದ್ದೂ ಇಲ್ಲ. ತನ್ನ ತಪ್ಪನ್ನು ತಾನೇ ಬರೆಸಲು ಬಂದವಳ ತಪ್ಪನ್ನೂ ನಾನು ಕದ್ದೆ.

ಮರಾಠಿ ಹಾಳೆ ನೋಡಿ ಕನ್ನಡದಲ್ಲಿ ಓದುವುದು ನನ್ನ ರೂಢಿ. ಹಾಗಾಗಿ ಮೋಸ ಸುಲಭವಾಯಿತು. ಕಣ್ಣು ಹಾಳೆಯ ಮೇಲೆ, ಬಾಯಲ್ಲಿ ಅವಳ ಮಾತು — ಕಿಟಕಿ, ನೀರು, ಕೀಲಿ ಎಲ್ಲವೂ. ಅವಳು ಕಣ್ಣು ಮುಚ್ಚಿ ಕೇಳಿ ಹೂಂ ಅಂದಳು. ಹೆಬ್ಬೆಟ್ಟು ಒತ್ತಿದ ಮೇಲೆ ಬೆರಳಿನ ಮಸಿಯನ್ನು ಒರೆಸಿಕೊಳ್ಳಲಿಲ್ಲ, ಹಾಗೇ ಮನೆಗೆ ಹೋದಳು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಅವಳು ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಬಂದು, ನನ್ನ ಪಾನು, ಅಂದರೆ ಪುಟ, ಓದ್ರಿ ಎನ್ನುತ್ತಿದ್ದಳು. ಪ್ರತಿ ಸಲ ನಾನು ಆ ಸುಳ್ಳು ಹಾಳೆಯನ್ನು ಹಿಡಿದು ನಿಜವನ್ನು ಓದುತ್ತಿದ್ದೆ. ಒಂದು ಶಬ್ದ ಆಚೀಚೆಯಾದರೆ ಹಿಡಿಯುತ್ತಾಳೆಂದು ಮನೆಯಲ್ಲಿ ಬಾಯಿಪಾಠ ಮಾಡುತ್ತಿದ್ದೆ.

ಆ ವರ್ಷ ದೊಡ್ಡವರಿಗೆ ಮರಾಠಿ ಅಕ್ಷರ ಕಲಿಸುವ ವರ್ಗಗಳು ಪೇಟೆ ಪೇಟೆಗಳಲ್ಲಿ ಶುರುವಾದವು. ಒಂದು ದಿನ ಗಂಗವ್ವ ಪಾಟಿ ಹಿಡಿದುಕೊಂಡು ಬಂದಳು.

"ಮುದುಕಿ ಸಾಲಿಗೆ ಹೊಂಟಾಳ ಅಂತ ಓಣಿ ಮಂದಿ ನಗತಾರ್ರಿ. ನಗವಲ್ರ್ಯಾಕ. ನನ್ನ ಪಾನು ನಾನಽ ಓದಬೇಕು. ನೋಡ್ರಿ, ಇದು ಮ. ಮಲ್ಲಪ್ಪನ ಮ."

ಭಾಳ ಚೆನ್ನಾಗಿ ಬರೆದಿದ್ದೀ ಎಂದೆ.

ಮುಂದಿನ ತಿಂಗಳುಗಳನ್ನು ಹೇಗೆ ಹೇಳಲಿ. ನೂರಾರು ಹುಡುಗಿಯರಿಗೆ ಅಕ್ಷರ ಕಲಿಸಿದವಳು ನಾನು. ಆಗ ಕಸಬಾದ ಗಣಪತಿಯ ಮುಂದೆ ನಿಂತು, ಈ ಒಬ್ಬಳಿಗೆ ಅಕ್ಷರ ಹತ್ತದಿರಲಿ ಎಂದು ಬೇಡಿಕೊಂಡೆ. ಹತ್ತಿತು. ಅವಳು ಅಂಗಳ ಗುಡಿಸುತ್ತ ಗೋಡೆಯ ಮೇಲಿನ ಸೂಚನೆಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಪಾಠದ ನಡುವೆ ಆ ದನಿ ಕೇಳಿದರೆ ಹಲಗೆಯ ಮೇಲೆ ಬರೆಯುತ್ತಿದ್ದ ಶಬ್ದವನ್ನು ಅರ್ಧಕ್ಕೇ ಬಿಡುತ್ತಿದ್ದೆ. ವಹಿ ಹೊಲಿಗೆಗೆ ಹೋಗಿದೆ ಎಂದೆ. ಕಪಾಟಿನ ಬೀಗ ಕೆಟ್ಟಿದೆ ಎಂದೆ. ಪುಟ ಹರಿಯೋಣವೆಂದರೆ ಮಾಸ್ತರರು ತಮ್ಮ ಕೈಯಿಂದಲೇ ಪುಟಕ್ಕೆ ಅಂಕಿ ಹಾಕಿದ್ದರು. ತಿದ್ದಬಹುದಿತ್ತು. ತಿದ್ದಿದರೆ ತಂದೆಯ ಹೆಸರು — ಅಲ್ಲಿಗೆ ಬಂದು ನಿಲ್ಲುತ್ತಿದ್ದೆ. ಪ್ರತಿ ಸಲ ಅಲ್ಲಿಗೇ.

ಕೊನೆಗೊಂದು ಮಧ್ಯಾಹ್ನ ನೆಪಗಳು ಮುಗಿದವು. ವಹಿ ತೆಗೆದು ಜಗಲಿಯ ಮೇಲೆ ಇಟ್ಟೆ. ಅವಳು ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಬೆರಳಿಟ್ಟು ಓದತೊಡಗಿದಳು. ತನ್ನ ಹೆಸರು ಓದಿ ನಕ್ಕಳು. ಊರಿನ ಹೆಸರು ಬಂತು, ಮದುವೆ ಬಂತು, ರೈಲು ಬಂತು. ಬಾಗಲಕೋಟೆಯಂಥ ಉದ್ದನೆಯ ಶಬ್ದವನ್ನೂ ಬಿಡಿಸಿ ಬಿಡಿಸಿ ಓದಿದಳು. ಬೆರಳು ಆ ಸಾಲಿಗೆ ಬಂತು. 'ಪಳಾಲಾ' — ಓಡಿಹೋದ. ಅವಳ ವರ್ಗದ ಮೊದಲ ಪುಸ್ತಕದಲ್ಲೇ ಇದ್ದ ಶಬ್ದ.

ಬೆರಳು ಅಲ್ಲೇ ನಿಂತಿತು. ಅಂಗಳದ ನಲ್ಲಿಯಿಂದ ನೀರು ಹನಿಯುತ್ತಿತ್ತು, ನಾನು ಅದನ್ನು ಎಣಿಸುತ್ತಿದ್ದೆ. ಅವಳು ತಲೆ ಎತ್ತಲಿಲ್ಲ.

"ಈ ಸಾಲು ನನಗ ಬರವಲ್ದು. ನೀವಽ ಓದ್ರಿ ಬಾಯಾರ."

ಈಗ ಗೊತ್ತಾಗುತ್ತದೆ, ಅದು ನನಗೆ ಕೊಟ್ಟ ಅವಕಾಶ. ಆಗ ಗೊತ್ತಾದದ್ದು ಭಯ ಒಂದೇ. ನಾನು ಓದಿದೆ. ಕಿಟಕಿ, ಬಿದಿರಿನ ನಳಿಗೆ, ಮೂರು ದಿನದ ನೀರು, ಒಡೆಯರು ಒಯ್ದ ಕೀಲಿಕೈ — ಒಂದೂ ಬಿಡದೆ, ಅವಳ ಬೆರಳು ಮುಚ್ಚಿದ್ದ ಆ ಒಂದೇ ಗೇಣಿನ ಸಾಲಿನಿಂದ ಅಷ್ಟನ್ನೂ ಓದಿದೆ.

ಅವಳು ಪೂರ್ತಿ ಕೇಳಿದಳು. ಪಾಟಿ ಎತ್ತಿಕೊಂಡು ಎದ್ದಳು. ಮೆಟ್ಟಿಲ ಹತ್ತಿರ ನಿಂತು, ಮಾಮೂಲು ದನಿಯಲ್ಲೇ ಕೇಳಿದಳು:

"ನಿಮ್ಮಪ್ಪಾರು ಆರಾಮ ಅದಾರೇನ್ರಿ?"

ನನ್ನ ತಂದೆಯ ಸುದ್ದಿಯನ್ನು ನಾನು ಅವಳ ಮುಂದೆ ಎಂದೂ ಎತ್ತಿರಲಿಲ್ಲ. ಎಂದಿನಿಂದ ಗೊತ್ತಿತ್ತು? ಮೊದಲ ದಿನದಿಂದಲೇ? ನಾನು ವಕೀಲರ ಮಗಳೆಂದು ಗೊತ್ತಿದ್ದೇ, ನನ್ನ ಕೈಯಿಂದಲೇ ಬರೆಸಬೇಕೆಂದು ಬಂದಿದ್ದಳೇ? ಹೌದೆಂದು ತಲೆ ಆಡಿಸಿದೆ, ಅಷ್ಟೇ. ಮರುದಿನದಿಂದ ಅಂಗಳ ಗುಡಿಸಲು ಬೇರೊಬ್ಬಳು ಬಂದಳು.

ಹುಡುಕಬಹುದಿತ್ತು. ಹುಡುಕಲಿಲ್ಲ. ಸಿಕ್ಕರೆ ಏನನ್ನುವುದು ಎಂಬ ಹೆದರಿಕೆ. ಯುದ್ಧ ಬಂತು, ಕಾಗದ ಸಿಗದೆ ವಹಿ ಅಚ್ಚಾಗಲಿಲ್ಲ. ಮಾಸ್ತರರು ತೀರಿಕೊಂಡರು, ವಹಿಗಳು ನನ್ನ ಬಳಿಗೇ ಬಂದವು. ತಂದೆಯೂ ಹೋದ ಮೇಲೆ ಧೈರ್ಯ ಮಾಡಿ ನಾನಾ ಪೇಟೆ ಎಂಬಲ್ಲಿದ್ದ ಅವಳ ಕೋಣೆಗೆ ಹೋದೆ. ಅಲ್ಲಿ ಬೇರೆಯವರಿದ್ದರು. ಪಾಟಿ ಹಿಡಿದುಕೊಂಡು ಓಡಾಡುತ್ತಿದ್ದ ಮುದುಕಿಯೇ? ಹೋಗಿ ಬಹಳ ದಿನವಾಯಿತು ಎಂದರು. ಊರಿಗೆ ಹೋದಳೋ, ಲೋಕ ಬಿಟ್ಟಳೋ, ಅವರಿಗೂ ತಿಳಿಯದು.

ಬರುವ ಭಾನುವಾರ ಕನ್ನಡಿಗರ ಸಭೆಯಲ್ಲಿ ನನ್ನ ತಂದೆಯ ಚಿತ್ರಕ್ಕೆ ಹಾರ ಹಾಕುತ್ತಾರೆ. ಮಗಳು ನಾಲ್ಕು ಮಾತು ಆಡಬೇಕಂತೆ. ವಹಿ ಒಯ್ಯುತ್ತೇನೆ. ಆ ಪುಟವನ್ನು ಹರಿಯುವುದಿಲ್ಲ, ತಿದ್ದುವುದೂ ಇಲ್ಲ. ಇದ್ದಂತೆ ಓದುತ್ತೇನೆ, ನನ್ನ ಸುಳ್ಳನ್ನು ನನ್ನ ಸುಳ್ಳೆಂದು ಹೇಳಿ. ಆಮೇಲೆ ಅವಳು ಹೇಳಿದ್ದನ್ನು ಹೇಳುತ್ತೇನೆ, ಅವಳು ಬೇಡವೆಂದದ್ದನ್ನೂ ಸೇರಿಸಿ. ಅದು ನನಗೆ ಈಗಲೂ ಬಾಯಿಪಾಠ.

ಅಲ್ಲಿ ದನಿ ಹೊರಡದೆ ಹೋದರೆ ಎಂದು ಒಂದು ಸಾಲನ್ನಾದರೂ ಇಲ್ಲಿ ಬರೆದಿಡುತ್ತೇನೆ, ಎಂಟು ವರ್ಷದ ಹಿಂದೆ ಬರೆಯಬೇಕಿದ್ದದ್ದನ್ನು. ಮಲ್ಲಪ್ಪ ಓಡಿಹೋಗಲಿಲ್ಲ. ಕಿಟಕಿಯ ಬಳಿ ನಿಂತು ನನ್ನ ಅಜ್ಜಿಗೆ ಮೂರು ದಿನ ನೀರು ಕೊಟ್ಟ. ಕೀಲಿಕೈ ನನ್ನ ತಂದೆಯ ಎದೆಯ ಮೇಲಿತ್ತು. ನಾನು ಮುಟ್ಟಿ ನೋಡಿದ್ದೆ.