ನೂರಿಯ ಐಬು

ಆ ಮೂಟೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು, ರಹಮತ್ ಭಾಯ್. ಗೊತ್ತಿದ್ದೇ ಅದನ್ನು ನಿಮ್ಮ ಟೆಂಪೊಗೆ ಹಾಕಿಸಿದೆ. ನೂರಿಯ ದವಡೆ ಊದಿದ್ದು, ಕಾಲು ಸೋತದ್ದು ನಾನು ತಿನ್ನಿಸಿದ ಮೇವಿನಿಂದ. ಡಾಕ್ಟರಮ್ಮ ಅದನ್ನು ನನಗೆ ಬಿಡಿಸಿ ಹೇಳಿ ಆಗಿತ್ತು. ಆದರೂ ನಾಲ್ಕು ಜನರ ಎದುರಿಗೆ, ಐಬು ಮುಚ್ಚಿಟ್ಟು ಕುದುರೆ ಮಾರಿದ್ದೀರಿ ಎಂದು ನಿಮಗೆ ಹೇಳಿದೆ. ಆಮೇಲೆ ಅದೇ ಮೇವನ್ನು ಅವಳ ಜೊತೆಗೆ ಕಟ್ಟಿ ಕಳಿಸಿದೆ.

ಇದನ್ನು ಬರೆದುಕೊಂಡೇ ನಿಮ್ಮ ಹತ್ತಿರ ಬರಬೇಕೆಂದಿದ್ದೇನೆ. ಬಾಯಲ್ಲಿ ಹೇಳಲು ಹೊರಟರೆ ಜಾರಿಕೊಳ್ಳುತ್ತೇನೆ. ನನ್ನ ಬಾಯಿ ಎಂಥದು ಎಂದು ನಿಮಗೆ ಗೊತ್ತಲ್ಲ — ‘ಸರೋಜಕ್ಕನ ಮುಂದೆ ಕುದುರೇನೂ ತಲೆ ಆಡಿಸ್ಕೊಂಡು ನಿಂತಿರ್ಬೇಕು’ ಎಂದು ನೀವೇ ನಗುತ್ತಿದ್ದಿರಿ. ಆ ಬಾಯಿ ಬೇಕಾದಾಗ ಮಾತ್ರ ಮುಚ್ಚಿಕೊಂಡಿತು.

ನಾವು ಕೊಡಿಗೇಹಳ್ಳಿಯ ಹಸು ಕಟ್ಟಿದ ಮನೆಯವರು. ನಾನು ಮದುವೆಯಾಗಿ ಬಂದಾಗ ಆ ಮನೆಯ ಹಿತ್ತಿಲಲ್ಲಿ ಇನ್ನೂ ಕೊಟ್ಟಿಗೆಯಿತ್ತು. ಅತ್ತೆಯ ಕೈಯಿಂದ ಕಲಗಚ್ಚಿನ ಬಾನಿ ನನ್ನ ಕೈಗೆ ಬಂತು. ಬೂಸಾ, ಹಿಂಡಿ, ತೌಡು ಕಲಸಿ ಕಲಸಿ ನನ್ನ ಕೈಗೆ ಅದರ ಅಳತೆ ಕೂತುಬಿಟ್ಟಿತ್ತು. ಸುತ್ತ ಮನೆಗಳೆದ್ದು ಹಸುಗಳು ಹೋದವು. ಯಲಹಂಕದ ಆಚೆ ಉಳಿದಿದ್ದ ಹೊಲದಲ್ಲಿ ನಾನು ಕುದುರೆ ಸವಾರಿ ಕಲಿಸುವ ಶಾಲೆ ತೆರೆದೆ. ಊರಿನವರು ನಕ್ಕರು, ಅಪಾರ್ಟ್‌ಮೆಂಟಿನವರು ಮಕ್ಕಳನ್ನು ಕರೆದುಕೊಂಡು ಬಂದರು. ಕುದುರೆಗಳು ಬಂದದ್ದು ನಿಮ್ಮಿಂದ. ಆರ್.ಟಿ. ನಗರದ ಕಲ್ಯಾಣ ಮಂಟಪಗಳಿಗೆಲ್ಲ ನಿಮ್ಮ ತಣಿಸಂದ್ರದ ಲಾಯದ ಕುದುರೆಯ ಮೇಲೇ ಮದುಮಗ ಬರಬೇಕು — ಆ ಕಾಲವದು. ಕುದುರೆ ಕೊಳ್ಳುವವರು ಯಾರೇ ಆಗಲಿ ಮೊದಲು ನಿಮ್ಮನ್ನು ಕರೆಸಿ ತೋರಿಸುತ್ತಿದ್ದರು. ನೀವು ಒಂದು ಸುತ್ತು ಬಂದು, ಗೊರಸು ಎತ್ತಿ ನೋಡಿ, ಕೊರಳ ಮೇಲೆ ಕೈಯಿಟ್ಟು ‘ತಗೊಳ್ಳಿ’ ಎಂದರೆ ಮುಗಿಯಿತು.

ನೂರಿಯನ್ನು ತಂದಿಳಿಸಿದ ದಿನ ನೀವು ಹೇಳಿದ್ದು ನನ್ನ ಕಿವಿಯಲ್ಲಿದೆ.

“ಪಟಾಕಿ ಸದ್ದಿಗೆ ಬೆದರ್ತಾಳೆ ಅಕ್ಕಾ. ಅದೊಂದೇ ಐಬು. ಅದಕ್ಕೇ ಮದುವೆಗೆ ಆಗಲ್ಲ. ಮಕ್ಕಳ ಕೈಗೆ ಕೊಟ್ನೋಡಿ, ಎಷ್ಟು ಮೆತ್ತಗೆ ನಡೀತಾಳೆ.”

ಅವಳ ಜೊತೆಗೆ ಒಂದು ಹೊರೆ ಒಣಹುಲ್ಲು, ಒಂದು ಹೊರೆ ಕುದುರೆಮೆಂತೆ ಸೊಪ್ಪು ತಂದಿದ್ದಿರಿ. ಒಂದು ಲಾಯದ ಕುದುರೆ ಇನ್ನೊಂದು ಲಾಯಕ್ಕೆ ಹೋದರೆ ತಿನ್ನುತ್ತಿದ್ದ ಮೇವನ್ನೂ ಜೊತೆಗೆ ಕಳಿಸುವುದು ನಿಮ್ಮ ಕಸುಬಿನ ಪದ್ಧತಿ. ಮೇವು ತಟಕ್ಕನೆ ಬದಲಾದರೆ ಕುದುರೆಯ ಹೊಟ್ಟೆ ತಡೆಯುವುದಿಲ್ಲ, ಹಳೆಯದರ ಜೊತೆ ಹೊಸದನ್ನು ಸೇರಿಸುತ್ತ ಹೋಗಬೇಕು ಎಂದು ಹೇಳಿಕೊಟ್ಟವರು ನೀವು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುವ ಹಾಗಿದೆ ಎಂದು ನಾನು ಅಂದೆ. ನೀವು ನಗಲಿಲ್ಲ. ಹೌದು ಎಂದು ತಲೆಯಾಡಿಸಿದಿರಿ.

ಆ ವರ್ಷ ನಮ್ಮ ಹಳೆಯ ಗಂಡುಕುದುರೆಗೆ ಹೊಟ್ಟೆನೋವು ಬಂದು ಸಾಯುವಂತಾಗಿತ್ತು. ನೋಡಲು ಬಂದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ನಾನು ಹುರುಳಿ, ಕಾಳು ಕೊಡುತ್ತಿದ್ದ ಪ್ರಮಾಣ ಕೇಳಿಯೇ ತಲೆ ಚಚ್ಚಿಕೊಂಡಳು. ಇನ್ನು ಮೇಲೆ ಎಲ್ಲ ಕುದುರೆಗೂ ಹುಲ್ಲೇ ಊಟ, ಕಾಳು ಹೆಸರಿಗೆ ಎಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು.

“ಬರೀ ಹುಲ್ಲಿನ ಮೇಲಿರೋ ಕುದುರೆಗೆ ಖನಿಜ ಸಾಲಲ್ಲ ಆಂಟಿ. ಅದರಲ್ಲೂ ನೀವು ಹಾಕ್ತಿರೋದು ಹಸುಗಳಿಗೆ ಅಂತ ಬೆಳೆಯೋ ಸೀಮೆಹುಲ್ಲು. ಕುದುರೆಗೇ ಅಂತ ಮಾಡಿರೋ, ಕ್ಯಾಲ್ಸಿಯಂ ಜಾಸ್ತಿ ಇರೋ ಪುಡಿ ಬೇಕು. ನೋಡಿ ತಗೊಳ್ಳಿ. ಬೂಸಾ ನಿಲ್ಲಿಸಿಬಿಡಿ.”

ನಾನು ತಲೆಯಾಡಿಸಿದೆ. ಒಳಗೆ ಮಾತ್ರ — ಇವಳಿಗಿಂತ ಹೆಚ್ಚು ದನ ನೋಡಿದ್ದೇನೆ ಎಂಬ ಜಂಬ. ಬೂಸಾ ನಿಲ್ಲಿಸುವುದಂತೆ. ನಮ್ಮ ಮನೆಯಲ್ಲಿ ಬಾಣಂತಿಗೆ ಊಟ ತಡವಾದರೂ ಹಸುವಿಗೆ ಬೂಸಾ ತಪ್ಪುತ್ತಿರಲಿಲ್ಲ. ಹಸುವಿಗೆ ಒಗ್ಗಿದ್ದು ಕುದುರೆಗೆ ಏಕೆ ಒಗ್ಗುವುದಿಲ್ಲ?

ಯಶವಂತಪುರದ ಅಂಗಡಿಯಲ್ಲಿ ಎರಡು ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಒಂದರಲ್ಲಿ ಡಾಕ್ಟರಮ್ಮ ಹೇಳಿದ ಪುಡಿ — ಬೂದಿಯ ಬಣ್ಣ, ಸುಣ್ಣದ ವಾಸನೆ. ಒಂದು ಚಿಟಿಕೆ ನಾಲಿಗೆಗಿಟ್ಟು ನೋಡಿ ಮುಖ ಕಿವುಚಿದೆ. ಇನ್ನೊಂದರ ಮೇಲೆ ಮೈಯೆಲ್ಲ ಮಿರಿಮಿರಿ ಮಿಂಚುವ ಕುದುರೆಯ ಚಿತ್ರ. ತೌಡಿನಿಂದ ಮಾಡಿದ್ದು, ಮೈಗೆ ಹೊಳಪು ಬರುತ್ತದೆ ಎಂದ ಅಂಗಡಿಯವನು. ತೌಡು ಎಂದ ಕೂಡಲೇ ನನಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಅದನ್ನೇ ತಂದೆ. ಇದು ಅಜ್ಞಾನ, ಇದಕ್ಕೆ ನೀವು ಕ್ಷಮಿಸಿದರೂ ಕ್ಷಮಿಸಬಹುದು. ಮುಂದಿನದು ಹಾಗಲ್ಲ.

ನೂರಿ ನಮ್ಮ ಶಾಲೆಯ ಬೋರ್ಡಿನ ಮೇಲಿದ್ದವಳು. ಬಂದವರೆಲ್ಲ ಮೊದಲು ಅವಳ ಜೊತೆ ಫೋಟೊ ತೆಗೆಸಿಕೊಳ್ಳಬೇಕು. ಹಾಗಾಗಿ ಆ ಪುಡಿ ಅವಳೊಬ್ಬಳಿಗೇ. ದಿನಾ ಬೆಳಿಗ್ಗೆ ಬೂಸಾ ನೆನೆಸಿ, ಮೇಲೆ ಪುಡಿ ಉದುರಿಸಿ ಕೊಡುತ್ತಿದ್ದೆ. ಅವಳು ಬಕೆಟ್ ನೆಕ್ಕಿ ಖಾಲಿ ಮಾಡಿ ನನ್ನ ಸೆರಗಿಗೆ ಮೂತಿ ಒರೆಸುತ್ತಿದ್ದಳು. ಮೈ ನಿಜಕ್ಕೂ ಹೊಳೆಯಿತು. ನೀವೇ ಒಮ್ಮೆ ಬಂದು ನೋಡಿ, “ನನ್ನ ಹತ್ರ ಇದ್ದಾಗ ಇಷ್ಟು ಚೆನ್ನಾಗಿರ್ಲಿಲ್ಲ ಅಕ್ಕಾ” ಎಂದಿರಿ. ಎಷ್ಟು ಬೀಗಿದೆ ಅಂದು.

ಮರುವರ್ಷದ ಬೇಸಿಗೆಯ ಹೊತ್ತಿಗೆ ಅವಳು ನಡೆಯುವುದೇ ಬೇರೆಯಾಯಿತು. ಒಂದು ದಿನ ಮುಂಗಾಲು ಎಳೆಯುತ್ತಾಳೆ, ನಾಲ್ಕು ದಿನ ಬಿಟ್ಟು ಹಿಂಗಾಲು. ಉಳುಕಿರಬೇಕು ಎಂದು ಎಣ್ಣೆ ತಿಕ್ಕಿದೆ. ಮುಖ ಸ್ವಲ್ಪ ತುಂಬಿಕೊಂಡ ಹಾಗೆ ಕಂಡಿತು — ಮೈಕೈ ತುಂಬಿಕೊಂಡಿದ್ದಾಳೆ ಎಂದು ಸಂತೋಷಪಟ್ಟೆ. ಹಾಗಿರುವಾಗ ಒಂದು ಬೆಳಿಗ್ಗೆ ದಿಯಾ ಎಂಬ ಮಗು ಮೇಲೆ ಕೂತಿದ್ದಾಗ, ಸಮನಾದ ನೆಲದಲ್ಲಿ, ನೂರಿ ಮುಗ್ಗರಿಸಿ ಮುಂದಕ್ಕೆ ಕುಸಿದಳು. ಮಗುವಿನ ಮಣಿಕಟ್ಟು ಮುರಿಯಿತು.

ಅಂದು ಸಂಜೆ ಡಾಕ್ಟರಮ್ಮ ಬಂದಳು. ಕಾಲು ನೋಡುವ ಮೊದಲೇ ದವಡೆಯ ಎರಡೂ ಬದಿ ಒತ್ತಿ ನೋಡಿದಳು. ಬೂಸಾದ ಮೂಟೆ ನೋಡಿದಳು, ಡಬ್ಬಿ ನೋಡಿದಳು. ಬೈಯಲಿಲ್ಲ.

“ಸೀಮೆಹುಲ್ಲು ಹಸುವಿನ ಹೊಟ್ಟೆ ಅರಗಿಸಿಕೊಳ್ಳುತ್ತೆ ಆಂಟಿ. ಕುದುರೆಗೆ ಅದರಲ್ಲಿರೋ ಕ್ಯಾಲ್ಸಿಯಂ ದಕ್ಕಲ್ಲ. ಅದರ ಮೇಲೆ ಬೂಸಾ, ತೌಡು — ಅವು ಇದ್ದ ಕ್ಯಾಲ್ಸಿಯಂನೂ ದಕ್ಕೋಕೆ ಬಿಡಲ್ಲ. ಬೇಕಾದ ಕ್ಯಾಲ್ಸಿಯಂನ ಮೈ ಮೂಳೆಯಿಂದಾನೇ ಕಿತ್ಕೊಳ್ತಿದೆ. ಅದಕ್ಕೇ ದವಡೆ ಊದಿರೋದು, ಕಾಲು ಸೋತಿರೋದು. ಇವತ್ತೇ ಇದೆಲ್ಲ ನಿಲ್ಲಿಸಿ. ಒಳ್ಳೆ ಒಣಹುಲ್ಲು, ಕುದುರೆಮೆಂತೆ, ನಾನು ಹೇಳಿದ್ದ ಪುಡಿ. ಇನ್ನೂ ಕಾಲ ಮೀರಿಲ್ಲ, ಚೇತರಿಸ್ಕೋತಾಳೆ.”

ಇನ್ನೂ ಕಾಲ ಮೀರಿಲ್ಲ. ಈ ಮಾತನ್ನು ಕೇಳಿದ್ದು ನಾನೊಬ್ಬಳೇ, ಭಾಯ್. ಲಾಯದಲ್ಲಿ ನಾವಿಬ್ಬರೇ ಇದ್ದೆವು.

ಭಾನುವಾರ ಮಕ್ಕಳ ತಂದೆತಾಯಂದಿರು ಸೇರಿದರು. ದಿಯಾಳ ತಂದೆ ಕೂಗಾಡುವ ಮನುಷ್ಯನಲ್ಲ, ಮೆಲ್ಲಗೇ ಕೇಳಿದರು — “ಮೇಡಂ, ಕುದುರೆಗೆ ಹುಷಾರಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?” ಅಷ್ಟರಲ್ಲಿ ನೀವೂ ಬಂದಿರಿ. ಯಾರೋ ಸುದ್ದಿ ಮುಟ್ಟಿಸಿದ್ದರು. ಯಾರನ್ನೂ ಮಾತಾಡಿಸದೆ ನೇರವಾಗಿ ನೂರಿಯ ಹತ್ತಿರ ಹೋದಿರಿ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಶಾಲೆ ಮುಚ್ಚಿಹೋಗುತ್ತದೆ, ಊರಿನವರು ನಕ್ಕದ್ದು ನಿಜವಾಗುತ್ತದೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ನಿಮ್ಮ ಕಡೆ ಕೈ ತೋರಿಸಿದೆ.

“ನಂಗೇನ್ ಗೊತ್ತು ಸಾರ್. ಇವರು ಕೊಡೋವಾಗ್ಲೇ ಐಬಿತ್ತು. ಮುಚ್ಚಿಟ್ಟು ಕೊಟ್ಟಿದ್ದಾರೆ.”

ನೀವು ಜಗಳಕ್ಕೆ ಬರುತ್ತೀರಿ ಎಂದುಕೊಂಡಿದ್ದೆ. ಬಂದಿದ್ದರೆ ನನ್ನ ಬಾಯಿಂದ ನಿಜ ಬಿದ್ದುಹೋಗುತ್ತಿತ್ತೋ ಏನೋ… ಇಲ್ಲ, ಅದೂ ಸುಳ್ಳು. ಬೀಳುತ್ತಿರಲಿಲ್ಲ. ನೀವು ಅವಳ ದವಡೆಯ ಮೇಲೆ ಕೈಯಾಡಿಸಿದಿರಿ. ಗೊರಸು ಎತ್ತಿ ನೋಡಿದಿರಿ, ಇಳಿಸಿದಿರಿ, ಮತ್ತೆ ಎತ್ತಿದಿರಿ. ಆಮೇಲೆ ನನ್ನತ್ತ ತಿರುಗಿದಿರಿ.

“ಮುಚ್ಚಿಟ್ಟಿಲ್ಲ ಅಕ್ಕಾ. ಅಲ್ಲಾಹ್ ಆಣೆ, ನಂಗೆ ಕಾಣ್ಲಿಲ್ಲ. ಕಾಣ್ಬೇಕಿತ್ತು.”

ದಿಯಾಳ ತಂದೆಯ ಮುಂದೆ ಕೈಮುಗಿದು ಮಾಫಿ ಕೇಳಿದಿರಿ. ನನ್ನ ತಪ್ಪಿಗೆ ನೀವು ಕೈಮುಗಿಯುವುದನ್ನು ನಾನು ನಿಂತು ನೋಡಿದೆ. ಕುದುರೆಯನ್ನು ವಾಪಸು ಕರೆದುಕೊಂಡು ಹೋಗುತ್ತೇನೆ, ಹಣವೂ ತಲುಪುತ್ತದೆ ಎಂದಿರಿ. ತಲುಪಿತು. ತೆಗೆದುಕೊಂಡೆ.

ಟೆಂಪೊ ಬಂತು. ನೂರಿ ಹಲಗೆ ಹತ್ತಲಾರದೆ ಹತ್ತಿದಳು. ಆಗ ನೀವು ಕೇಳಿದಿರಿ, ಪದ್ಧತಿಯ ಪ್ರಕಾರ, ಸಹಜವಾಗಿ — “ಈಗೇನ್ ತಿಂತಾಳೆ ಅಕ್ಕಾ? ಅದನ್ನೇ ಸ್ವಲ್ಪ ಕೊಡಿ, ಒಂದೇ ಸಲ ಬದಲಾಯ್ಸೋದು ಬೇಡ.”

ಎಲ್ಲರೂ ಹೋಗಿದ್ದರು, ಭಾಯ್. ನೀವು, ನಾನು, ನೂರಿ, ಆಚೆ ಟೆಂಪೊದವನು. ‘ಬೂಸಾ ಕೊಡಬೇಡಿ’ ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಏಕೆ ಎಂದು ನೀವು ಕೇಳುತ್ತಿದ್ದಿರಿ. ಅದನ್ನು ಹೇಳಿದರೆ ಸ್ವಲ್ಪ ಹೊತ್ತಿನ ಮುಂಚೆ ಆಡಿದ ಮಾತು ಕಳಚಿ ಬೀಳುತ್ತಿತ್ತು. ಒಳಗೆ ಹೋದೆ. ಡಾಕ್ಟರಮ್ಮ ಮೂಲೆಗೆ ಸರಿಸಿಟ್ಟಿದ್ದ ಬೂಸಾದ ಮೂಟೆ ಎತ್ತಿಸಿದೆ. ಮೇಲೆ ಆ ಮಿಂಚುವ ಕುದುರೆಯ ಡಬ್ಬಿ ಇಟ್ಟೆ. “ಇದಂದ್ರೆ ಅವಳಿಗೆ ಪ್ರಾಣ” ಎಂದೆ. ಹೌದು, ಹಾಗೆಯೇ ಅಂದೆ.

ಡಬ್ಬಿ ಖಾಲಿಯಾದ ಮೇಲೆ ನೀವೇ ಯಶವಂತಪುರಕ್ಕೆ ಹೋಗಿ ಇನ್ನೊಂದು ತಂದಿರಂತೆ. ಹುಷಾರಿಲ್ಲದವಳು, ಇಷ್ಟವಾದದ್ದನ್ನಾದರೂ ತಿನ್ನಲಿ ಎಂದು ಬೂಸಾ ಹೆಚ್ಚಿಸಿದಿರಂತೆ. ಇದೆಲ್ಲ ಟೆಂಪೊದವನು ನನಗೆ ಹೇಳಿದ. ಆಗಲೂ ಫೋನು ನನ್ನ ಕೈಯಲ್ಲೇ ಇತ್ತು. ಇವತ್ತು ಮಾಡುತ್ತೇನೆ, ನಾಳೆ ಮಾಡುತ್ತೇನೆ… ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನೂರಿ ಏಳಲು ಹೋಗಿ ಕಾಲು ಮುರಿದುಕೊಂಡಳು, ನೀವೇ ನಿಂತು ಡಾಕ್ಟರ ಕೈಯಿಂದ ಅವಳ ನೋವು ಮುಗಿಸಿದಿರಿ ಎಂಬ ಸುದ್ದಿ ಬಂತು. ನಾನು ಲಾಯಕ್ಕೆ ಹೋಗಿ ಅವಳ ಬಕೆಟ್ ಎತ್ತಿ ಅಟ್ಟಕ್ಕೆ ಹಾಕಿದೆ. ಅಳು ಬಂತು. ಅಳುವುದಕ್ಕೂ ನಾಚಿಕೆಯಾಯಿತು.

ಆಮೇಲೆ ನೀವು ಉಳಿದ ಕುದುರೆಗಳನ್ನೂ ಬಿಟ್ಟುಕೊಟ್ಟಿರಿ ಎಂದು ಕೇಳಿದೆ. ಮದುವೆಗಳಿಗೆ ಈಗ ಕಾರು ಬರುತ್ತದೆ, ಅದಕ್ಕೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಷ್ಟೋ ವರ್ಷ ಆ ಸಮಾಧಾನದಲ್ಲೇ ಇದ್ದೆ.

ಹೋದ ತಿಂಗಳು ಬ್ಯಾಟರಾಯನಪುರದಲ್ಲಿ ಸೋಫಾ ರಿಪೇರಿ ಅಂಗಡಿಯ ಮುಂದೆ ನಿಮ್ಮನ್ನು ಕಂಡೆ. ಗಡ್ಡ ಬೆಳ್ಳಗಾಗಿತ್ತು. ಅಂಗಡಿ ಅಳಿಯನದು, ಅಲ್ಲೇ ಕೂರುತ್ತೇನೆ ಎಂದಿರಿ. ಟೀ ತರಿಸಿದಿರಿ. ಮೊದಲು ಕೇಳಿದ್ದು, “ಆ ಮಗು ಕೈ ಸರಿ ಹೋಯ್ತಾ ಅಕ್ಕಾ?” ಎಂದು. ಸರಿ ಹೋಯಿತು, ಈಗ ಕಾಲೇಜಿಗೆ ಹೋಗುತ್ತಾಳೆ ಎಂದೆ. ಕುದುರೆ ಬಿಟ್ಟಿದ್ದೇಕೆ ಎಂದು ಕೇಳದೆ ಎದ್ದುಬಿಡಬಹುದಿತ್ತು. ಕೇಳಿದೆ.

“ಕಣ್ಣು ಹೋಯ್ತಲ್ಲ ಅಕ್ಕಾ. ಈ ಮುಖದ ಮೇಲಿನ ಕಣ್ಣಲ್ಲ, ಕುದುರೆ ನೋಡೋ ಕಣ್ಣು. ನೂರಿ ವಿಷಯದಲ್ಲೇ ಗೊತ್ತಾಯ್ತು. ನಮ್ಮ ಅಬ್ಬಾ ಕಲಿಸಿದ್ದು ಅದೊಂದೇ. ಅದೇ ಹೋದ್ಮೇಲೆ ನಾಲ್ಕು ಜನಕ್ಕೆ ತಗೊಳ್ಳಿ ಅಂತ ಯಾವ ಮುಖದಲ್ಲಿ ಹೇಳ್ಲಿ? ಈಗ್ಲೂ ಕರೀತಾರೆ. ಹೋಗಲ್ಲ.”

ಟೀ ಮುಗಿಸಿ ಲೋಟ ಕೆಳಗಿಟ್ಟೆ. ಆಗಲೂ ಹೇಳಲಿಲ್ಲ. ಹೊತ್ತಾಯಿತು ಎಂದು ಎದ್ದು ಬಂದೆ.

ಇನ್ನೊಂದನ್ನೂ ನೀವು ತಿಳಿಯಬೇಕು. ನೂರಿ ಹೋದ ಮೇಲೆ ನಮ್ಮ ಲಾಯದಲ್ಲಿ ಬೂಸಾ ಇಲ್ಲ, ಸೀಮೆಹುಲ್ಲಿಲ್ಲ. ಆ ಬೂದಿ ಬಣ್ಣದ ಪುಡಿಯನ್ನು ದಿನಾ ನನ್ನ ಕೈಯಾರೆ ಅಳೆದು ಹಾಕುತ್ತೇನೆ. ಕುದುರೆಗಳು ಗಟ್ಟಿಮುಟ್ಟಾಗಿವೆ. ಹೊಸದಾಗಿ ಕುದುರೆ ಕಟ್ಟಿದವರು ನನ್ನನ್ನೇ ಕೇಳಲು ಬರುತ್ತಾರೆ — ಹುಲ್ಲಿನ ಮೇಲಿರುವ ಕುದುರೆಗೆ ಯಾವ ಪುಡಿ ಒಳ್ಳೆಯದು ಎಂದು. ಹೊಳಪು ನೋಡಿ ಕೊಳ್ಳಬೇಡಿ, ನಿಮ್ಮ ಹುಲ್ಲು ಯಾವುದು, ಅದರಲ್ಲಿ ಏನು ಕಡಿಮೆ ಎಂದು ನೋಡಿ ಕೊಳ್ಳಿ, ಡಾಕ್ಟರನ್ನು ಕೇಳಿ ಎನ್ನುತ್ತೇನೆ. ನಿಮ್ಮನ್ನು ಕಂಡು ಬಂದ ವಾರದಲ್ಲೇ ಒಬ್ಬ ಹುಡುಗಿ ಕೇಳಿದಳು, “ಇಷ್ಟೆಲ್ಲಾ ಎಲ್ಲಿ ಕಲಿತ್ರಿ ಆಂಟಿ?”

“ಅನುಭವ” ಎಂದೆ. ಆ ಮಾತು ನನ್ನ ಬಾಯಲ್ಲೇ ಕಹಿಯಾಯಿತು. ನೂರಿಯ ಜೀವವನ್ನು, ನಿಮ್ಮ ಮರ್ಯಾದೆಯನ್ನು ನುಂಗಿ ಅದಕ್ಕೆ ಅನುಭವ ಎಂದು ಹೆಸರಿಟ್ಟುಕೊಂಡಿದ್ದೆ.

ಈ ಭಾನುವಾರ ಲಾಯದಲ್ಲಿ ಮಕ್ಕಳ ತಂದೆತಾಯಂದಿರೆಲ್ಲ ಸೇರುತ್ತಾರೆ. ದಿಯಾಳ ತಂದೆಯನ್ನೂ ಬರಹೇಳಿದ್ದೇನೆ. ಎಲ್ಲರ ಎದುರಿಗೆ, ಅಂದು ನಿಂತ ಜಾಗದಲ್ಲೇ ನಿಂತು ಇದನ್ನು ಓದುತ್ತೇನೆ. ಅದಕ್ಕೆ ಮೊದಲು, ನಾಳೆ ಬೆಳಿಗ್ಗೆ, ನಿಮ್ಮ ಮುಂದೆ ಓದಬೇಕು. ಬಾಗಿಲು ಹಾಕಿದರೆ ಹೊರಗೆ ನಿಂತು ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ. ನನಗದು ಸುಲಭವಾಗಿಬಿಡುತ್ತದೆ.

ನಿಮ್ಮ ಕಣ್ಣು ಎಲ್ಲಿಗೂ ಹೋಗಿಲ್ಲ, ಭಾಯ್. ನೀವು ಕೊಟ್ಟ ದಿನ ನೂರಿಯ ಮೂಳೆಯಲ್ಲಿ, ಗೊರಸಿನಲ್ಲಿ, ದವಡೆಯಲ್ಲಿ ಕಾಣಬೇಕಾದದ್ದು ಏನೂ ಇರಲಿಲ್ಲ. ಪಟಾಕಿ ಸದ್ದಿಗೆ ಬೆದರುತ್ತಿದ್ದಳು, ಅದೊಂದೇ. ಅದನ್ನು ನೀವು ಹೇಳಿಯೇ ಕೊಟ್ಟಿದ್ದಿರಿ.